ಸೋಲಾಪುರ: ಒಬ್ಬರಿಗೆ ಒಂದೇ ಜಾಗ, ನಿಮ್ಮದು ಯಾವುದು?

ಬಸವನಗುಡಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ ಈಗ ಎಂಬತ್ತೊಂದು. ಹುಟ್ಟಿದ್ದು ಸೋಲಾಪುರದ ಕಸಬಾದಲ್ಲಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದಳು, ಈಗ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾಳೆ. ತವರಿನಲ್ಲಿ ಯಾರೂ ಉಳಿಯದೆ ಸುಮಾರು ಐವತ್ತು ವರ್ಷದಿಂದ ಆ ಕಡೆ ತಲೆ ಹಾಕಿಲ್ಲ. ಈಚೆಗೆ ಮಾತ್ರ ‘ಒಮ್ಮೆ ಕೆರಿ ನೋಡ್ಕೊಂಡು ಬರೋಣು’ ಅಂತ ಹಟ ಹಿಡಿದಿದ್ದಾಳೆ. ಜನವರಿಯಲ್ಲಿ ಮೂರು ದಿನ ರಜೆ ಹಾಕಿದ್ದೇನೆ.

ನೆಟ್‌ನಲ್ಲಿ ಎಲ್ಲಿ ನೋಡಿದರೂ ಒಂದೇ ಪಟ್ಟಿ: ಸಿದ್ಧೇಶ್ವರ ಗುಡಿ, ಭುಯಿಕೋಟ ಕಿಲ್ಲೆ, ಚಾದರದ ಅಂಗಡಿ, ಅಕ್ಕಲಕೋಟ. ಅವನ್ನು ಹೇಗೂ ನೋಡುತ್ತೇವೆ. ನನಗೆ ಬೇಕಿರುವುದು ಅಲ್ಲೇ ಹುಟ್ಟಿ ಬೆಳೆದವರಿಗೆ ಇಷ್ಟವಾದ ಜಾಗ. ಒಬ್ಬರು ಒಂದೇ ಹೇಳಿ, ಯಾಕೆ ಇಷ್ಟ ಅಂತಲೂ ಬರೆಯಿರಿ.

ಇನ್ನೊಂದು ವಿಷಯ. ಬಾಳಿವೇಸ್ ಹತ್ತಿರ ತಮ್ಮ ಓಣಿಯಲ್ಲಿ ಬೇವಿನ ಮರದ ಕೆಳಗೆ ಒಂದು ಗಿಡ್ಡ ಲಿಂಗ ಇತ್ತಂತೆ. ಸಂಕ್ರಾಂತಿಯ ಹೊತ್ತಿಗೆ ಯಾರೋ ಬಂದು ಅದಕ್ಕೆ ಎಣ್ಣೆ ಹಾಕುತ್ತಿದ್ದರಂತೆ, ಓಣಿಯ ಮಕ್ಕಳೆಲ್ಲ ಕೆಳಗೆ ಇಳಿದ ಎಣ್ಣೆಗೆ ಬೆರಳು ಅದ್ದಿ ಕೈಕಾಲಿಗೆ ಹಚ್ಚಿಕೊಳ್ಳುತ್ತಿದ್ದರಂತೆ. ಅಮ್ಮ ಇದನ್ನು ಆಯಿಯ ಮರೆವಿನ ಲೆಕ್ಕಕ್ಕೆ ಸೇರಿಸಿದ್ದಾಳೆ. ಅಂಥದ್ದು ನಿಜವಾಗಿ ಇದೆಯಾ?

ಕಸಬಾ ಮಾಸ್ತರ

ತಂಗಿ, ಮೊದಲ ನಿಮ್ಮ ಅವ್ವಗ ಹೇಳ್ರಿ, ಆಯಿಯವರಿಗೆ ಮರೆವು ಬಂದಿಲ್ಲ. ಅವರು ಹೇಳಿದ್ದು ಅಕ್ಷರಶಃ ಖರೆ ಅದ.

ಸಿದ್ಧರಾಮ, ಅಂದ್ರ ನಿಮ್ಮ ಪಟ್ಟಿಯೊಳಗಿನ ಸಿದ್ಧೇಶ್ವರ, ಈ ಊರಿನ ಸುತ್ತ 68 ಲಿಂಗ ಸ್ಥಾಪನೆ ಮಾಡಿದ ಅಂತ ನಂಬಿಕಿ. ಅದರ ಜೋಡಿ ಅಷ್ಟವಿನಾಯಕ, ಅಷ್ಟಭೈರವ ಬ್ಯಾರೆ. ಕೆಲವು ಲಿಂಗಕ್ಕ ಗುಡಿ ಕಟ್ಯಾರ, ಕೆಲವು ಓಣಿಯೊಳಗ ಯಾರದರೆ ಮನಿ ಗ್ವಾಡಿಗಿ ಹತ್ತಿ ಕೂತಾವ. ಊರಾಗ ಹುಟ್ಟಿ ಮುದುಕರಾದ ಮಂದಿಗೂ ಅರವತ್ತೆಂಟೂ ಗೊತ್ತಿರಂಗಿಲ್ಲ. ಗಡ್ಡಾ ಜಾತ್ರಿ ಶುರು ಆಗೋದ ಜನವರಿ 13ಕ್ಕ. ಅವತ್ತು ನಂದಿಧ್ವಜ ಮೆರವಣಿಗಿ ಹೊಂಟು 68 ಲಿಂಗಕ್ಕೂ ಎಣ್ಣಿ ಎರೀತಾರ. ಅದರ ಹೆಸರ ಎಣ್ಣಿಮಜ್ಜನ.

ಮಜಾ ಅಂದ್ರ, ಇಲ್ಲಿ ಮರಾಠಿ ಪೇಪರದಾಗೂ ಅದನ್ನ ‘ಯಣ್ಣೀಮಜ್ಜನ’ ಅಂತನ ಛಾಪಿಸ್ತಾರ. ಜಾತ್ರಿ ಕಡೀ ದಿನ ನಂದಿಧ್ವಜದ ಬಟ್ಟಿ ಬಿಚ್ಚೋ ಕಾರ್ಯಕ್ರಮಕ್ಕ ‘ಕಪ್ಪಡಕಳ್ಳಿ’ ಅಂತಾರ. ಕಪ್ಪಡ ಅಂದ್ರ ಬಟ್ಟಿ, ಕಳಿ ಅಂದ್ರ ಕಳಚು. ಮೂವತ್ತು ವರ್ಷ ಕನ್ನಡ ಸಾಲ್ಯಾಗ ಕಲಿಸೀನಿ. ಮರಾಠಿ ಮಾಧ್ಯಮದ ಹುಡುಗೂರಿಗಿ ಕಪ್ಪಡಕಳ್ಳಿ ಅಂದ್ರೇನೋ ಅಂತ ಕೇಳಿದ್ರ ‘ಸರ್, ಅದು ದೇವರ ಭಾಷಾ’ ಅಂತಿದ್ರು. ನಾನೂ ತಿದ್ದಲಿಲ್ಲ.

ಇನ್ನ ನನ್ನ ಜಾಗಾ. ಕಿಲ್ಲೇದಾಗ ಎಲ್ಲಾರೂ ಬುರುಜು ಹತ್ತಿ ಕೆರಿ ಕಡೆ ಮುಖ ಮಾಡಿ ಫೋಟೋ ಹೊಡಕೊಂಡು ಇಳೀತಾರ. ನೀವು ಇಳದ ಮ್ಯಾಲ ಒಳಗ ನೆಲದ ಮಟ್ಟದಾಗ ಒಂದು ಹಾಳುಗುಡಿ ಅದ, ಅಲ್ಲಿ ಹೋಗ್ರಿ. ಕಂಬಾ, ಜಗತಿ ಅಷ್ಟ ಉಳದಾವ. ಅದು ಕಪಿಲಸಿದ್ಧಮಲ್ಲಿಕಾರ್ಜುನನ ಮೂಲ ಗುಡಿ. ಸಿದ್ಧರಾಮನ ವಚನದ ಅಂಕಿತ ಯಾವುದಂತ ನೆನಪ ಮಾಡ್ಕೊಳ್ರಿ. ಹನ್ನೆರಡನೇ ಶತಮಾನದಾಗ ಆತ ತನ್ನ ವಚನದ ಕಡೀಗಿ ಯಾವ ದೇವರನ್ನ ಕರದನೋ, ಆ ದೇವರ ಮನಿ ಅದು. ಕರ್ನಾಟಕದಾಗ ವಚನ ಬಾಯಿಪಾಠ ಮಾಡೋ ಮಂದಿ ಸಾವಿರಗಟ್ಟಲೆ ಇದ್ದಾರು. ಇಲ್ಲಿಗಿ ಬಂದು ಆ ಕಲ್ಲು ಮುಟ್ಟಿದವರು ಎಷ್ಟು ಮಂದಿ?

ಕಿಲ್ಲೇದ ಗ್ವಾಡಿಯೊಳಗೂ ಕಣ್ಣ ಆಡಸ್ರಿ. ಹಳೇ ಗುಡಿ ಕಲ್ಲು ಹಾಂಗ ತಂದು ಇಟ್ಟ ಕಟ್ಯಾರ. ಒಂದ ಕಡೆ ಆನಿ ಅಡ್ಡ ಮಲಗಿದಾಂಗ ಕಾಣ್ತದ. ಆನಿ ಮಲಗಿಲ್ಲ, ಕಲ್ಲು ಅಡ್ಡ ಇಟ್ಟಾರ.

ಜತ್ತಿನ ಹುಡುಗ

ಮಾಸ್ತರ, ನಮಗ ಸಾಲ್ಯಾಗ ಸೋಲಾ ಅಂದ್ರ ಹದಿನಾರು, ಹದಿನಾರು ಹಳ್ಳಿ ಕೂಡಿ ಸೋಲಾಪುರ ಆತು ಅಂತ ಹೇಳಿದ್ರಲ್ರಿ?

ಕಸಬಾ ಮಾಸ್ತರ

ಹೇಳಿದವರಿಗಿ ಹದಿನಾರೂ ಹಳ್ಳಿ ಹೆಸರ ಕೇಳಬೇಕಿತ್ತು ನೀನು. ವಚನದಾಗ, ಪುರಾಣದಾಗ ಇರೋದು ಸೊನ್ನಲಿಗೆ. ರಾಘವಾಂಕ ಸಿದ್ಧರಾಮನ ಚರಿತ್ರಿ ಬರದದ್ದೂ ಈ ಸೊನ್ನಲಿಗೆಯ ಸಿದ್ಧರಾಮನ ಮ್ಯಾಲ. ಆ ಹೆಸರ ಸವದು ಸವದು ಸೋಲಾಪುರ ಆತು. ಹದಿನಾರರ ಲೆಕ್ಕ ಹಿಂದಾಗಡೆ ಹುಟ್ಟಿದ್ದು.

ಕಲಬುರ್ಗಿ ತಿರುಗಾಡಿ

ಇಷ್ಟೆಲ್ಲ ಕನ್ನಡ ಇಟ್ಕೊಂಡು ಊರು ಮಾತ್ರ ಅವರ ಕಡೆ ಹೋಯ್ತು ನೋಡ್ರಿ. ಮಹಾಜನ ವರದಿ ಪ್ರಕಾರ

ನಿರ್ವಾಹಕ

ಇಲ್ಲಿಗೇ ನಿಲ್ಲಿಸಿ. ಗಡಿ ವಿಚಾರಕ್ಕೆ ಬೇರೆ ಎಳೆ ಇದೆ, ಅದರಲ್ಲಿ ನಾನೂರು ಉತ್ತರ ಆಗಿವೆ, ಯಾರೂ ಯಾರ ಮಾತನ್ನೂ ಒಪ್ಪಿಲ್ಲ. ಇಲ್ಲಿ ಆಯಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದಷ್ಟೇ. ಉಳಿದದ್ದು ಅಳಿಸಿದ್ದೇನೆ.

ಕಾಠಿ ಹಿಡಿಯಾಂವ

ಅಕ್ಕಾರ, ನಾ ನಂದಿಧ್ವಜ ಹಿಡೀತೀನಿ. ನಮ್ಮ ಕಡೆ ಸುಮ್ಮ ಕಾಠಿ ಅಂತೀವಿ, ಅಂದ್ರ ಕೋಲು. ಒಟ್ಟು ಏಳು ಕಾಠಿ. ಒಂದೊಂದು ಕಾಠಿ ಮಾನ ಒಂದೊಂದು ಮನಿತನಕ್ಕ, ಸಮಾಜಕ್ಕ. ಅದನ್ನ ನಡಾ ಮ್ಯಾಲ ನಿಲ್ಲಿಸಿಕೊಂಡು ನಡೀಬೇಕು. ಎರಡ ಮಾಳಗಿ ಮನಿಗಿಂತ ಎತ್ತರ ಇರ್ತದ. ಭಾರಾ ದೊಡ್ಡ ಮಾತಲ್ಲ, ಗಾಳಿ ದೊಡ್ಡ ಮಾತು. ಮ್ಯಾಲ ಕಟ್ಟಿದ ಬಟ್ಟಿ, ಬಾಶಿಂಗ ಗಾಳಿ ಹಿಡೀತಾವ. ಗಾಳಿ ಬಂದಾಗ ಮ್ಯಾಲ ನೋಡಿದಿ ಅಂದ್ರ ಹೋತು. ಎದುರಿಗಿ ನಡಿಯಾಂವನ ಬೆನ್ನ ನೋಡ್ಕೋತ ಹೋಗಬೇಕು ಅಂತ ನಮ್ಮ ಕಾಕಾ ಕಲಿಸ್ಯಾನ.

ಜಾತ್ರಿ ಎಲ್ಲಾರೂ ನೋಡ್ತಾರ. ನಾ ಹೇಳೋದು ಸರಾವ, ಅಂದ್ರ ತಾಲೀಮು. ಜಾತ್ರಿಕಿಂತ ಮೊದಲ ರಾತ್ರಿ ನಾವು ಓಣಿಯೊಳಗ ಸರಾವ ಮಾಡ್ತೀವಿ. ಬಾರಾಬಂದಿ ಇಲ್ಲ, ಪೇಟಾ ಇಲ್ಲ. ಲುಂಗಿ, ಬನೇನು. ಹಿಂದ ಹತ್ತ ಮಂದಿ ಕೈ ಚಾಚಿಕೊಂಡ ನಡೀತಿರ್ತಾರ, ಬಿದ್ರ ಹಿಡೀಲಿಕ್ಕ. ಚಿಕ್ಕ ಹುಡುಗೂರು ಬಿದರ ಕೋಲ ನಡಕ ಇಟ್ಕೊಂಡು ನಮ್ಮ ಹಿಂದ ಅಣಕು ಮಾಡ್ಕೋತ ಬರ್ತಾವ. ನಾನೂ ಹಾಂಗ ಕಲ್ತಾಂವ. ನೀವು 11, 12ಕ್ಕ ಬಂದ್ರ ಬಾಳಿವೇಸ್ ಕಡೆ ರಾತ್ರಿ ಊಟಾ ಆದಮ್ಯಾಲ ಸುಮ್ಮ ಕಟ್ಟೀ ಮ್ಯಾಲ ಕೂಡ್ರಿ, ಕಾಣಸ್ತದ.

ಆಯಿ ಲಿಂಗದ ವಿಚಾರ: 13ನೇ ತಾರೀಖು ಮುಂಜಾನಿ ಹಿರೇಹಬ್ಬು ವಾಡೇದಿಂದ ಹೊಂಡ್ತೀವಿ. ಕಸಬಾ ಒಳಗಿನ ಲಿಂಗ ಮೊದಲ ಮೊದಲ ಆಗಿ ಬಿಡ್ತಾವ. ಲಗೂನ ಬರ್ರಿ. ಮರುದಿನ ಸಮ್ಮತಿ ಕಟ್ಟಿ ಮುಂದ ಅಕ್ಷತಾ. ಅವತ್ತು ಮಾತ್ರ ಆಯಿಗಿ ಕರ್ಕೊಂಡ ಬರಬ್ಯಾಡ್ರಿ, ಲಕ್ಷಗಟ್ಟಲೆ ಮಂದಿ ಇರ್ತದ. ಅಲ್ಲಿ ಗದ್ಲದಾಗ ಮುದುಕರಿಗಿ ತ್ರಾಸ.

ಬಸವನಗುಡಿ ಮೊಮ್ಮಗಳು

ಅಣ್ಣಾ, ಅಕ್ಷತೆ ಯಾರ ಮದುವೆಗೆ?

ಕಾಠಿ ಹಿಡಿಯಾಂವ

ಕುಂಬಾರ ಹುಡುಗಿ ಒಬ್ಬಾಕಿ ಸಿದ್ಧರಾಮನ್ನ ಲಗ್ನ ಆಗ್ತೀನಿ ಅಂತ ಹಟಾ ಹಿಡದಳಂತ. ಆತ ಯೋಗಿ. ‘ನನ್ನ ಯೋಗದಂಡದ ಜೋಡಿ ಮಾಡ್ಕೋ’ ಅಂದ. ಆ ಲಗ್ನದ್ದ ಈ ಜಾತ್ರಿ. ಒಂದ ದಿನ ಎಣ್ಣಿ, ಒಂದ ದಿನ ಅಕ್ಷತಾ, ಮರುದಿನ ಹೋಮ. ಹೋಮದಾಗ ಪೈರಿನ ಪೆಂಡಿಗಿ ಸೀರಿ ಉಡಿಸಿ ಕುಂಬಾರ ಕನ್ಯಾ ಅಂತ ಒಪ್ಪಿಸ್ತಾರ. ಅದನ್ನ ನೋಡಿದಾಗ ನಮ್ಮ ಅವ್ವ ಪ್ರತಿ ವರ್ಷ ಅಳ್ತಾಳ. ಲಗ್ನಾನೂ ಅಳೂದ, ಹೋಮಾನೂ ಅಳೂದ.

ಕಸಬಾ ಮಾಸ್ತರ

ಸಮ್ಮತಿ ಕಟ್ಟಿ ಮುಂದ ಸಮ್ಮತಿ ಓದೋ ಹೊತ್ತಿಗಿ ಮಂದಿ ‘ಸತ್ಯಂ ಸತ್ಯಂ, ದಿಡ್ಡಂ ದಿಡ್ಡಂ’ ಅಂತ ಕೂಗಿ ಅಕ್ಷತಾ ಹಾಕ್ತಾರ. ಈ ದಿಡ್ಡಂ ಅನ್ನೋದು ನಮ್ಮ ಹಳಗನ್ನಡದ ‘ದಿಟಂ’ ಅಂತ ನನ್ನ ಅಭಿಪ್ರಾಯ. ಯಾರರೆ ಒಪ್ಪಲಿ, ಬಿಡಲಿ. ಲಕ್ಷ ಮಂದಿ ಮರಾಠಿ ಮಾತಾಡೋ ಬಾಯಿಂದ ದಿಟ ಅನ್ನಿಸಿದ ಮ್ಯಾಲ ನನಗ ಬ್ಯಾರೆ ಪ್ರಮಾಣ ಬೇಕಿಲ್ಲ.

ಮಂದ್ರೂಪ ರೈತ

ಊರಾಗಿನ ಮಂದಿ ಊರು ಬಿಟ್ಟ ಹೊರಗ ಬರಂಗಿಲ್ಲ ಅದಕ ನಾ ಹೇಳ್ತೀನಿ. ಕಾರ್ ಇದ್ರ ಒಂದ ಅರ್ಧಾ ದಿನ ಹತ್ತರಸಂಗ ಕೂಡಲಕ್ಕ ಹೋಗ್ರಿ. ಸೋಲಾಪುರದಿಂದ 40 ಕಿಲೋಮೀಟರ್ ಆಸುಪಾಸು, ನಮ್ಮ ದಕ್ಷಿಣ ಸೋಲಾಪುರ ತಾಲೂಕಿನೊಳಗ. ಭೀಮಾ, ಸೀನಾ ಎರಡೂ ಹೊಳಿ ಕೂಡ್ತಾವ, ಅದಕ ಕೂಡಲ. ಹೆಸರ ಕೇಳಿದ ಕೂಡಲೆ ನಿಮಗ ಕೂಡಲಸಂಗಮ ನೆನಪ ಆಗಿರಬೇಕು. ಆದ್ರ ಇಲ್ಲಿ ಬಸ್ಸಿಲ್ಲ, ಗದ್ಲಿಲ್ಲ, ಹೊಳಿ ದಂಡಿ ಮ್ಯಾಲ ಎರಡು ಹಳೇ ಕಲ್ಲಿನ ಗುಡಿ. ಸಂಗಮೇಶ್ವರ, ಹರಿಹರೇಶ್ವರ.

ಹರಿಹರೇಶ್ವರ ಗುಡಿ ಎಷ್ಟೋ ವರ್ಷ ಮಣ್ಣಾಗ ಹುಗದಿತ್ತು. ಮಣ್ಣ ತಗದಾಗ ಒಂದು ಲಿಂಗ ಸಿಕ್ತು, ಅದರ ಮೈ ತುಂಬಾ ಸಣ್ಣ ಸಣ್ಣ ಮುಖ. ಸಾಲ ಹಿಡದು ಎಣಿಸ್ಯಾರ, 359 ಮುಖ. ನಾ ಸಣ್ಣಾಂವಿದ್ದಾಗ ಎಣಸ್ಲಿಕ್ಕ ಹೋಗಿ ನೂರಾ ಹತ್ತಕ್ಕ ಲೆಕ್ಕ ತಪ್ಪೀನಿ, ಎರಡು ಸಲ. ಸಂಜಿ ಬಿಸಲ ಓರೆ ಬಿದ್ದಾಗ ನೋಡ್ರಿ. ನಡು ಮಧ್ಯಾಹ್ನದಾಗ ಹೋದ್ರ ಎಲ್ಲಾ ಮುಖಾನೂ ಒಂದ ಆಗಿ ಸಪಾಟ ಕಾಣ್ತಾವ. ಮುಂದ ರಂಗಮಂಟಪ ಅದ, ಮ್ಯಾಲ ಛತ್ತ ಇಲ್ಲ, ಆಕಾಶ. ಸ್ವರ್ಗಮಂಟಪ ಅಂತಾರ.

ಕಸಬಾ ಮಾಸ್ತರ

ರೈತರು ಮುಖ್ಯದ್ದ ಬಿಟ್ರು. ಸಂಗಮೇಶ್ವರ ಗುಡಿಯ ತೊಲಿ ಮ್ಯಾಲ ಒಂದು ಶಾಸನ ಅದ, ಶಕ 940, ಅಂದ್ರ ಕ್ರಿ.ಶ. 1018. ಸೋಲಾಪುರದ ಶಾಸನ ಸಂಶೋಧಕ ಆನಂದ ಕುಂಭಾರ ಅವರು ಬೆಳಕಿಗಿ ತಂದದ್ದು. ಅದರ ಕಡೀ ಸಾಲು ಮರಾಠಿ: ಇದನ್ನ ಓದಿದಾಂವ ಗೆಲ್ಲತಾನ ಅಂತ ಅರ್ಥ. ಮೊದಲ ಮರಾಠಿಯ ಹಳೇ ವಾಕ್ಯ ಯಾವುದು ಅಂದ್ರ ಶ್ರವಣಬೆಳಗೊಳದ ಗೊಮ್ಮಟನ ಕಾಲಬುಡದ ಸಾಲು ತೋರಸ್ತಿದ್ರು. ಈಗ ಕೂಡಲದ್ದೂ ತೋರಸ್ತಾರ. ಅವರ ಭಾಷೆಯ ಹಳೇ ಸಾಲೊಂದು ಕನ್ನಡ ನಾಡಾಗ ಅದ, ಇನ್ನೊಂದು ಕನ್ನಡ ಹೆಸರಿನ ಊರಾಗ ಅದ. ನಮ್ಮ ದೇವರ ಎಣ್ಣಿ ಅವರ ಪೇಪರದಾಗ ಅದ. ಲೆಕ್ಕ ಚುಕ್ತಾ.

ನಿರ್ವಾಹಕ

ಮಾಸ್ತರ್, ನಿಮ್ಮದು ಒಂದು ಜಾಗ ಆಗಲೇ ಮುಗಿದಿದೆ.

ಕಸಬಾ ಮಾಸ್ತರ

ಇದು ಟಿಪ್ಪಣಿ.

ಅಕ್ಕಲಕೋಟ ಅಕ್ಕ

ಎಲ್ಲಾ ಗಂಡಸರು ಕಲ್ಲು, ಕಂಬಾ, ಕಾಠಿ ಹೇಳಾಕತ್ತೀರಿ. ಎಂಬತ್ತು ವರ್ಷದ ಮುದುಕಿ ಮೂರು ದಿನ ಏನ ತಿನ್ನಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ.

ತಂಗಿ, ಆಯಿಗಿ ಹಲ್ಲ ಅದಾವೇನು? ಇದ್ರ ಖಡಕ್ ರೊಟ್ಟಿ, ಇಲ್ಲಂದ್ರ ಅದನ್ನ ಮಸರಾಗ ನೆನೆ ಇಟ್ಟ ಕೊಡು. ಮಾಲದಂಡಿ ಜೋಳದ ರೊಟ್ಟಿ ಇರಬೇಕು. ಅದರ ಜೋಡಿ ಶೇಂಗಾ ಚಟ್ನಿ. ಈಗ ಎಲ್ಲಾ ಪೇಠದಾಗ ಪಾಕೀಟಿನ ಚಟ್ನಿ ಮಾರ್ತಾರ, ಮಿಕ್ಸರದಾಗ ತಿರುವಿದ್ದು. ಅದು ಚಟ್ನಿ ಅಲ್ಲ, ಪುಡಿ. ಖರೇ ಚಟ್ನಿಗಿ ಹುರದ ಶೇಂಗಾ ಸಿಪ್ಪಿ ತಗದು, ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಒಳ್ಳಾಗ ಕುಟ್ಟಬೇಕು. ಮೊದಲ ಪುಡಿ ಆಗ್ತದ, ಆಗ ಬಿಟ್ರ ಕೆಟ್ಟಿತು. ಇನ್ನೂ ಕುಟ್ಟಬೇಕು. ಅದು ಒಣಕಿಗಿ ಹತ್ತಿ ಎದ್ದೆದ್ದ ಬರ್ತದ, ಒಳ್ಳಿನ ಬಾಜೂಕ ಎಣ್ಣಿ ಮಿಂಚತದ. ಮುಟಿಗಿ ಕಟ್ಟಿದ್ರ ಉಂಡಿ ನಿಲ್ಲಬೇಕು. ಅಂಗಡಿಯವಗ ‘ಮುಟಿಗಿ ನಿಲ್ಲತದೇನ’ ಅಂತ ಕೇಳ್ರಿ. ಉತ್ತರ ಕೊಡೂಕಿಂತ ಮೊದಲ ಅವನ ಮಾರಿ ನೋಡ್ರಿ, ತಿಳೀತದ.

ಜನವರಿ ಅಂದ್ರ ಸೀತನಿ ಕಾಲಾನೂ ಹೌದು. ಇವರು ಹುರಡಾ ಅಂತಾರ. ಹೊಲದಾಗ ಕುಣಿ ತಗದು, ಎಳೀ ಜೋಳದ ತೆನಿ ಸುಟ್ಟು, ಅಂಗೈಯಾಗ ತಿಕ್ಕಿ ಬಿಸಿ ಇದ್ದಾಗ ತಿನ್ನಬೇಕು. ಊರ ಹೊರಗ ದುಡ್ಡ ಕೊಟ್ಟ ತಿನ್ನೋ ಹುರಡಾ ಪಾರ್ಟಿ ಭಾಳ ಆಗ್ಯಾವ, ಆದ್ರ ನಮ್ಮ ಹೊಲಕ್ಕ ಬಂದ್ರ ರೊಕ್ಕಾ ಇಲ್ಲ.

ಅಕ್ಕಲಕೋಟಕ್ಕ ಸ್ವಾಮಿ ಸಮರ್ಥರ ದರ್ಶನಕ್ಕ ಬರೋರು ಮಠದಿಂದ ಸೀದಾ ಬಸ್ ಸ್ಟ್ಯಾಂಡಿಗಿ ಹೋಗ್ತಾರ. ಅರಮನಿಯೊಳಗ ಸಂಸ್ಥಾನದ ಶಸ್ತ್ರಾಗಾರ ಅದ, ಅದನ್ನ ನೋಡ್ರಿ. ನಮ್ಮ ಮಾವನ ಕಾಲದಾಗ ಅಲ್ಲಿ ಕತ್ತಿ ಒರಸೋ ಕೆಲಸಾ ಮಾಡಿದವರು ನಮ್ಮ ಓಣಿಯೊಳಗ ಇದ್ರು.

ಜತ್ತಿನ ಹುಡುಗ

ಅಕ್ಕಾ ಮೂರು ಜಾಗಾ ಹೇಳಿದ್ರು. ನಿರ್ವಾಹಕರು ಈಗ ಸುಮ್ಮ ಅದಾರ.

ನಿರ್ವಾಹಕ

ಚಟ್ನಿಯ ಬಗ್ಗೆ ಬರೆದವರಿಗೆ ನಿಯಮ ಅನ್ವಯಿಸುವುದಿಲ್ಲ.

ಮಗ್ಗದ ಮನಿ

ನಮ್ಮ ಮನಿಮಾತು ತೆಲುಗು. ಮರಾಠಿ ಸಾಲ್ಯಾಗ ಕಲಿತೆ, ಕನ್ನಡ ಓಣಿಯಲ್ಲಿ. ಪೂರ್ವ ಭಾಗದಲ್ಲಿ, ಕನ್ನಾ ಚೌಕ, ಸಾಖರ ಪೇಠ ಕಡೆ ಬಂದರೆ ಮೂರೂ ಭಾಷೆ ಒಂದೇ ವಾಕ್ಯದಲ್ಲಿ ಕೇಳಿಸುತ್ತವೆ. ಬರೆಯುವಾಗ ತಪ್ಪಾದರೆ ಕ್ಷಮಿಸಿ.

ಚಾದರದ ಅಂಗಡಿ ಪಟ್ಟಿಯಲ್ಲಿದೆ ಅಂದಿರಿ. ಅಂಗಡಿ ಬಿಡಿ, ಕಾರಖಾನೆಗೆ ಬನ್ನಿ. ಬಾಗಿಲ ಹತ್ತಿರ ನಿಂತು ‘ನೋಡಬಹುದಾ’ ಅಂತ ಕೇಳಿದರೆ ಬಹಳ ಕಡೆ ಒಳಗೆ ಬಿಡುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಮಗ್ಗದ ಮೇಲೆ ಜಕಾರ್ಡ್ ಇರುತ್ತದೆ, ಅದರಲ್ಲಿ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ ತಿರುಗುತ್ತಿರುತ್ತದೆ. ತೂತು ಇದ್ದಲ್ಲಿ ನೂಲು ಏಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೂವು, ನವಿಲು, ಎಲ್ಲ ಆ ತೂತಿನ ಲೆಕ್ಕ. ನಮ್ಮ ಅಪ್ಪ ಹಳೆಯ ರಟ್ಟು ಬೆಳಕಿಗೆ ಹಿಡಿದು ‘ಇದು ನವಿಲಿನ ಕುತ್ತಿಗೆ’ ಅನ್ನುತ್ತಿದ್ದರು. ನನಗೆ ಇವತ್ತಿಗೂ ತೂತು ಮಾತ್ರ ಕಾಣುತ್ತದೆ.

ಕೊಳ್ಳುವಾಗ ಮೋಸ ಹೋಗಬೇಡಿ. ನನ್ನ ಸ್ವಂತ ಷಡ್ಡಕ, ಮಗ್ಗದವರ ಅಳಿಯ, ಸ್ಟೇಷನ್ ಕಡೆಯ ಒಂದು ಅಂಗಡಿಯಲ್ಲಿ ಬೇರೆ ಊರಿನ ಮಾಲು ತಗೊಂಡು ಬಂದ. ಎರಡು ಸಲ ಒಗೆದ ಮೇಲೆ ಕಂಬಳಿಯೂ ಅಲ್ಲ, ಟವೆಲ್ಲೂ ಅಲ್ಲ. ಜಕಾರ್ಡ್ ಚಾದರ ತಿರುವಿ ನೋಡಿ. ಮುಂದೆ ಇರುವ ಹೂವೇ ಹಿಂದೆಯೂ ಇರಬೇಕು, ಬಣ್ಣ ಮಾತ್ರ ಅದಲುಬದಲು. ಹಿಂದೆ ನೂಲು ಜೋತುಬಿದ್ದಿದ್ದರೆ ಅಥವಾ ಹೂವೇ ಇಲ್ಲದಿದ್ದರೆ ಇಟ್ಟು ಬನ್ನಿ.

ನನ್ನ ಒಂದು ಜಾಗ ಅಂದರೆ ಜಾಗವಲ್ಲ, ದಿನ. ನೂಲ ಹುಣ್ಣಿಮೆಗೆ ಮಾರ್ಕಂಡೇಯನ ತೇರು. ನೇಕಾರರ ಇಡೀ ಭಾಗ ಅವತ್ತು ಮಗ್ಗ ನಿಲ್ಲಿಸುತ್ತದೆ. ವರ್ಷಪೂರ್ತಿ ಖಟಖಟ ಕೇಳಿದ ಕಿವಿಗೆ ಆ ಮುಂಜಾನೆಯ ಮೌನವೇ ತೇರಿಗಿಂತ ದೊಡ್ಡದು. ನೀವು ಜನವರಿಯಲ್ಲಿ ಬರುತ್ತೀರಿ, ಸಿಗುವುದಿಲ್ಲ. ಮತ್ತೊಮ್ಮೆ ಬನ್ನಿ.

ಕಲಬುರ್ಗಿ ತಿರುಗಾಡಿ

ಗಡಿ ಬಿಟ್ಟು ಮಾತಾಡ್ತೀನಿ. ನಳದುರ್ಗ ಯಾರೂ ಹೇಳಲಿಲ್ಲ. ಸೋಲಾಪುರದಿಂದ ಒಂದು ತಾಸಿನ ದಾರಿ. ಆದಿಲಶಾಹಿಯವರು ಬೋರಿ ನದಿಗೆ ಅಡ್ಡ ಕಟ್ಟಿ ಕಟ್ಟೆಯ ಹೊಟ್ಟೆಯೊಳಗೇ ಮಹಲ್ ಮಾಡ್ಯಾರ, ಪಾಣಿಮಹಲ್. ಮಳೆಗಾಲದಾಗ ನೀರು ಎರಡು ಧಾರೆಯಾಗಿ ತಲೆ ಮೇಲೆ ಬೀಳ್ತದ, ಒಳಗ ಕುಂತವರಿಗಿ ಹನಿ ತಾಗೋದಿಲ್ಲ. ಆ ಧಾರೆಗೆ ನರ, ಮಾದಿ ಅಂತ ಹೆಸರು. ಜನವರಿಯಲ್ಲಿ ನೀರು ಇರೋದಿಲ್ಲ, ಮೆಟ್ಟಿಲೂ ಕಡಿದು. ಆಯಿಗೆ ಬೇಡ, ನಿಮಗೆ ಇನ್ನೊಮ್ಮೆ.

ನಾನ್ನಜಕ್ಕೆ ಹೋಗಬೇಡಿ ಅಂತಲೂ ಹೇಳಿಬಿಡ್ತೀನಿ. ಎರ್ಲಡ್ಡ ಹಕ್ಕಿ, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅವರು ಮಾಳಢೋಕ ಅಂತಾರಲ್ಲ, ಅದರ ಅಭಯಾರಣ್ಯ 1979ರಿಂದ ಇದೆ. ನಾನು ಮೂರು ಸಲ ಹೋದೆ. ಕೃಷ್ಣಮೃಗ ಕಂಡವು, ತೋಳ ಕಂಡಿತು, ಹಕ್ಕಿ ಮಾತ್ರ ಬೋರ್ಡಿನ ಮೇಲೆ ಕಂಡಿತು.

ಮಂದ್ರೂಪ ರೈತ

ನಮ್ಮ ಅಜ್ಜ ಹೊಲದಾಗ ನೋಡ್ಯಾನ ಆ ಹಕ್ಕಿ. ಒಂದು ಕುರಿಮರಿ ಗಾತ್ರ ಇರ್ತಿತ್ತು, ಓಡಿ ಓಡಿ ಆಮ್ಯಾಲ ಹಾರ್ತಿತ್ತು ಅಂತಿದ್ದ. ನಾವು ಅಜ್ಜ ಬಿಟ್ಟ ಹೊಡೀತಾನ ಅಂತ ನಗ್ತಿದ್ವಿ.

ಹುತಾತ್ಮ ಗಾಡಿ

ನಾನು ವಾರಕ್ಕೆ ಎರಡು ಸಲ ಪುಣೆಗೆ ಹುತಾತ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವನು, ಅದಕ್ಕೇ ಈ ಹೆಸರು. ಯಾವ ಹುತಾತ್ಮರು ಅಂತ ಡಬ್ಬಿಯಲ್ಲಿ ಕೇಳಿದರೆ ನಾಲ್ಕು ಹೆಸರು ಪೂರ್ತಿ ಹೇಳುವವರು ಕಡಿಮೆ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ. 1930ರ ಮೇ ತಿಂಗಳಲ್ಲಿ ಊರು ಎದ್ದು ನಿಂತಿತು, ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಈ ನಾಲ್ವರನ್ನು ಯೆರವಡಾದಲ್ಲಿ ಗಲ್ಲಿಗೇರಿಸಿದರು. ತಾರೀಖು ನೋಡಿ: ಎಣ್ಣಿಮಜ್ಜನದ ಹಿಂದಿನ ದಿನ. ಆ ವರ್ಷದ ಜಾತ್ರೆಯಲ್ಲಿ ಯಾರಾದರೂ ಹರ ಅಂದರೋ ಇಲ್ಲವೋ ಅಂತ ನಾನು ಪ್ರತಿ ಜನವರಿಯಲ್ಲೂ ಯೋಚಿಸುತ್ತೇನೆ.

ನೀವು 12ಕ್ಕೆ ಊರಲ್ಲಿದ್ದರೆ ಚಾರ್ ಹುತಾತ್ಮ ಚೌಕಕ್ಕೆ ಹೋಗಿ.

ನನ್ನ ಜಾಗ ಮಾತ್ರ ಭೈಯಾ ಚೌಕದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಮನೆ. 1910ರಲ್ಲಿ ಇಲ್ಲಿ ಹುಟ್ಟಿ, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ ಚೀನಾಕ್ಕೆ ವೈದ್ಯರ ತಂಡದಲ್ಲಿ ಹೋಗಿ, 1942ರಲ್ಲಿ ಅಲ್ಲೇ ತೀರಿಕೊಂಡರು. ಮೂವತ್ತೆರಡು ವರ್ಷ. ಈಗ ಅದು ಸ್ಮಾರಕ. ಚೀನಾದ ದೊಡ್ಡ ದೊಡ್ಡವರು ಬಂದು ನಮಸ್ಕಾರ ಮಾಡಿ ಹೋಗುವ ಮನೆಗೆ ಪಕ್ಕದ ಓಣಿಯವರು ಹೋಗಿರುವುದಿಲ್ಲ. ರಿಕ್ಷಾದವರಿಗೂ ಎರಡು ಸಲ ಹೇಳಬೇಕಾಗುತ್ತದೆ.

ಬಸವನಗುಡಿ ಮೊಮ್ಮಗಳು

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಎಲ್ಲ ಉತ್ತರಗಳನ್ನೂ ಆಯಿಗೆ ಓದಿ ಹೇಳಿದೆ. ಕಾಠಿ ಅಣ್ಣ ಬರೆದ ಸರಾವದ ಹತ್ತಿರ ಬಂದಾಗ ನಿಲ್ಲಿಸು ಅಂದಳು. ‘ನಮ್ಮ ಅಣ್ಣಾನೂ ಬಿದರ ಕೋಲು ಹಿಡಕೊಂಡು ಹೋಗ್ತಿದ್ದ’ಅಂದಳು. ಆ ಅಣ್ಣನ ಬಗ್ಗೆ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಚಿಕ್ಕವನಿದ್ದಾಗಲೇ ಪ್ಲೇಗಿನಲ್ಲೋ ಕಾಲರಾದಲ್ಲೋ ಹೋದನಂತೆ.

ಮಾಸ್ತರ್, ಕೆರೆಯ ಬಗ್ಗೆ ಯಾರೂ ಬರೆಯಲಿಲ್ಲ. ಆಯಿಗೆ ಬೇಕಿರುವುದು ಕೆರೆ.

ಕಸಬಾ ಮಾಸ್ತರ

ಅದು ಎಲ್ಲಾರ ಪಟ್ಟಿಯಾಗ ಅದ ಅಂತ ನಾವು ಬಿಟ್ಟಿದ್ವಿ, ತಪ್ಪಾತು.

ಆ ಕೆರಿ ಸಿದ್ಧರಾಮ ತನ್ನ ಶಿಷ್ಯರನ್ನ ಕಟ್ಕೊಂಡು ತೋಡಿಸಿದ್ದು. ಅಲ್ಲಮಪ್ರಭು ಸೊನ್ನಲಿಗೆಗಿ ಬಂದಾಗ ಕೆಲಸಾ ನಡದಿತ್ತು. ಅಲ್ಲಮ ಬಂದವನ ‘ಎಲ್ಲಿ ನಿಮ್ಮ ಒಡ್ಡ?’ ಅಂತ ಕೇಳಿದ, ಒಡ್ಡ ಅಂದ್ರ ಮಣ್ಣ ಅಗಿಯಾಂವ. ಮಣ್ಣ ಹೊರೋ ಮಂದಿಗಿ ಸಿಟ್ಟ ಬಂದು ಕಲ್ಲ ಬೀಸಿದ್ರು. ಶೂನ್ಯಸಂಪಾದನೆಯಾಗ ಈ ಪ್ರಸಂಗ ಬರ್ತದ. ಕೆರಿ ಕಟ್ಟೋದು ಪುಣ್ಯದ ಕೆಲಸ ಹೌದು, ಆದ್ರ ನೀನು ಯೋಗಿಯೋ ಮಣ್ಣಿನ ಮೇಸ್ತ್ರಿಯೋ ಅಂತ ಅಲ್ಲಮನ ತಕರಾರು. ಸಿದ್ಧರಾಮ ಆಮ್ಯಾಲ ಕಲ್ಯಾಣಕ್ಕ ಹೋದ. ಅಲ್ಲಮ ಗೆದ್ದ ಅಂತಾರ. ನಾ ಹಾಂಗ ಅನ್ನಂಗಿಲ್ಲ. ಆ ವಾದ ಮುಗದು ಎಂಟನೂರು ವರ್ಷದ ಮ್ಯಾಲಾತು, ಕೆರಿಯಾಗ ನೀರು ಇನ್ನೂ ಅದ.

ಆಯಿಗಿ ಸೂರ್ಯ ಹುಟ್ಟೋ ಮೊದಲ ಕರ್ಕೊಂಡ ಹೋಗ್ರಿ. ಗುಡಿ ನೀರಿನ ನಡುವ, ಸಮಾಧಿನೂ ಅಲ್ಲೇ. ಗುಡಿಯ ಕಡೆ ಮೆಟ್ಟಿಲದಾಗ ಕುಂತು ಎದುರಿಗಿ ನೋಡಿದ್ರ ಕಿಲ್ಲೇದ ಗ್ವಾಡಿ ಪೂರ್ತಿ ನೀರಾಗ ಬಿದ್ದಿರ್ತದ. ಗಾಳಿ ಬೀಸ್ಲಿಕ್ಕ ಹತ್ತಿದ್ರ ಆ ಗ್ವಾಡಿ ಅಳಿಸಿ ಹೋಗ್ತದ. ಅರ್ಧಾ ತಾಸು ಸಿಗ್ತದ, ಅಷ್ಟ.

ಜತ್ತಿನ ಹುಡುಗ

ನಂದೂ ಒಂದು ಹೇಳಿಬಿಡ್ತೀನಿ. ಜಾತ್ರಿಯೊಳಗ ರಾತ್ರಿ ಭಾಕಣೂಕ ಆಗ್ತದ. ಒಂದು ಕರಾ ದಿನಾ ಪೂರ್ತಿ ಉಪಾಸ ಇಟ್ಟು ತಂದು ನಿಲ್ಲಸ್ತಾರ, ಮುಂದ ಕಾಳು, ಬೆಲ್ಲಾ, ಎಲ್ಲಾ ಇಡ್ತಾರ. ಅದು ಯಾವುದು ಮುಟ್ಟಿತು, ಯಾವುದು ಬಿಟ್ಟಿತು ಅನ್ನೋದರ ಮ್ಯಾಲ ಮಳಿ, ಧಾರಣಿ ಹೇಳ್ತಾರ. ನಮ್ಮ ಅಪ್ಪ ದ್ರಾಕ್ಷಿ ಬೆಳೀತಾನ, ಹವಾಮಾನ ಖಾತೆ ನಂಬಂಗಿಲ್ಲ, ಕರಾ ನಂಬ್ತಾನ. ಹೋದ ವರ್ಷ ಇಬ್ಬರೂ ತಪ್ಪಿದ್ರು. ಕರಕ್ಕ ಮಾತ್ರ ಅಪ್ಪ ಮಾಫಿ ಮಾಡ್ಯಾನ.

ಬಸವನಗುಡಿ ಮೊಮ್ಮಗಳು

ಹೋಗಿ ಬಂದೆವು. ನಿನ್ನೆ ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್ ಬಂದಿಳಿದೆವು. ಇಷ್ಟು ಜನ ಬರೆದಿದ್ದಕ್ಕೆ ಲೆಕ್ಕ ಒಪ್ಪಿಸಬೇಕಲ್ಲ.

ಕೂಡಲಕ್ಕೆ ಹೋಗಲಾಗಲಿಲ್ಲ. ನಾವು ಫೋನಿನಲ್ಲಿ ಬುಕ್ ಮಾಡಿದ್ದ ಕಾರಿನವನು ಜಾತ್ರೆ ಬಾಡಿಗೆ ಜಾಸ್ತಿ ಸಿಗುತ್ತದೆ ಅಂತ ಬರಲೇ ಇಲ್ಲ. ಕೋಟ್ನೀಸರ ಮನೆಗೆ ಹೋದೆವು. ರಿಕ್ಷಾದವರಿಗೆ ನಿಜಕ್ಕೂ ಎರಡು ಸಲ ಹೇಳಬೇಕಾಯಿತು. ಕಿಲ್ಲೆಯಲ್ಲಿ ಆಯಿಯನ್ನು ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಹಾಳುಗುಡಿಯವರೆಗೆ ಹೋದೆ. ಒಂದು ಜೋಡಿ ಹುಡುಗ ಹುಡುಗಿ, ಎರಡು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅಡ್ಡ ಬಿದ್ದ ಆನೆ ಸಿಕ್ಕಿತು.

ಹನ್ನೆರಡರ ರಾತ್ರಿ ಬಾಳಿವೇಸ್‌ನಲ್ಲಿ ಕಟ್ಟೆಯ ಮೇಲೆ ಕೂತೆವು. ಚಳಿ ಇತ್ತು. ಹತ್ತೂವರೆ ಹೊತ್ತಿಗೆ ಹುಡುಗರು ಬಂದರು. ಅಣ್ಣಾ, ಅವರಲ್ಲಿ ನೀವು ಯಾರು ಅಂತ ಗೊತ್ತಾಗಲಿಲ್ಲ, ಎಲ್ಲರೂ ಬನಿಯನ್‌ನಲ್ಲೇ ಇದ್ದರು. ಹಿಂದೆ ಕೋಲು ಹಿಡಿದ ಚಿಕ್ಕವರು ಹಾದು ಹೋಗುವಾಗ ಆಯಿ ಶಾಲು ಸರಿಮಾಡಿಕೊಳ್ಳುತ್ತಾ ಸುಮ್ಮನೆ ಕೂತಿದ್ದಳು.

ಹದಿಮೂರರ ಬೆಳಿಗ್ಗೆ ಲಿಂಗ ಹುಡುಕಿದೆವು. ಮೂರು ಓಣಿ ಸುತ್ತಿದೆವು, ಎಲ್ಲೂ ಬೇವಿನ ಮರ ಇಲ್ಲ. ಒಂದು ಮನೆಯ ಹೊಸ ಕಾಂಪೌಂಡಿಗೆ ಹತ್ತಿಕೊಂಡು, ಟೈಲ್ಸ್ ಹಾಕಿದ ಗೂಡಿನೊಳಗೆ ಒಂದು ಗಿಡ್ಡ ಲಿಂಗ ಇತ್ತು. ಆಯಿ ಲಿಂಗ ನೋಡಲೇ ಇಲ್ಲ. ಬಗ್ಗಿ ಕೆಳಗಿನ ಕಲ್ಲಿನ ಕಾಲುವೆ ನೋಡಿದಳು. ಅದರ ಬಾಯಿ ಒಂದು ಕಡೆ ಒಡೆದಿತ್ತು. ‘ಇದ’ ಅಂದಳು. ಆ ಮನೆಯ ಹೆಂಗಸು ಮರಾಠಿಯಲ್ಲಿ, ಇಲ್ಲಿ ಮರ ಯಾವತ್ತೂ ಇರಲಿಲ್ಲ, ಈ ಕಲ್ಲೂ ಆಚೆ ಓಣಿಯಿಂದ ತಂದಿದ್ದು ಅಂದರು. ಆಯಿ ಅವರಿಗೆ ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಹಲಗೆ ಸದ್ದು ಕೇಳಿಸಿತು, ‘ಏಕದಾ ಭಕ್ತಲಿಂಗ ಹರ್ ಬೋಲಾ ಹರ್’ ಅಂತ ಕೂಗುತ್ತಾ ಜನ ಬಂದರು. ಧ್ವನಿವರ್ಧಕದಲ್ಲಿ ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದವರು ನಡುವೆ ‘ಯಣ್ಣೀಮಜ್ಜನ’ ಅಂದರು. ಎಣ್ಣೆ ಹಾಕಿ ಮುಂದೆ ಹೋದರು, ಎರಡು ನಿಮಿಷವೂ ಆಗಲಿಲ್ಲ. ಎಣ್ಣೆ ಒಡೆದ ಬಾಯಿಯಿಂದ ಇಳಿಯಿತು. ಆಯಿ ಮೂರು ಬೆರಳು ಅದ್ದಿ ನನ್ನ ಮೊಣಕೈ ಹಿಡಿದು ತಿಕ್ಕಿದಳು. ‘ಚಳಿಗಿ ಹೆಂಗ ಒಡದದ ನೋಡು ಚರ್ಮ, ನಿಮ್ಮವ್ವ ಒಂದ ದಿನಾನೂ ಎಣ್ಣಿ ಹಚ್ಚಂಗಿಲ್ಲ.’

ಕಸಬಾ ಮಾಸ್ತರ

ಯಾವ ಓಣಿ ಅಂತ ಬರೀರಿ ತಂಗಿ. ಆ ಕಲ್ಲು ಖರೆ ಎಲ್ಲಿಂದ ಬಂತು ನಾ ಕೇಳ್ಕೊಂಡ ಬರ್ತೀನಿ.

ಬಸವನಗುಡಿ ಮೊಮ್ಮಗಳು

ಮಾಸ್ತರ್, ಕೇಳಬೇಡಿ.

ಅಕ್ಕಲಕೋಟ ಅಕ್ಕ

ಅದೆಲ್ಲಾ ಇರಲಿ. ಚಟ್ನಿ ತಂದಿಯೇನು? ಮುಟಿಗಿ ನಿಂತಿತೇನು?

ಬಸವನಗುಡಿ ಮೊಮ್ಮಗಳು

ನಿಂತಿತು ಅಕ್ಕ. ಅರ್ಧ ಕಿಲೋ ತಂದಿದ್ದೆವು, ರಾಯಚೂರು ದಾಟುವಷ್ಟರಲ್ಲಿ ಕಾಲು ಕಿಲೋ ಉಳಿದಿತ್ತು. ಆಯಿಗೆ ಹಲ್ಲು ಇವೆ.